ಡೇಟ್ ದಾಟಿತು, ಗುರುವಾರ ಅಡ್ಮಿಟ್ ಆಗಿ ಅಂದರು: ನೋವು ಬರಿಸಿಕೊಳ್ಳಲಾ, ಕಾಯಲಾ?

ಹಾಸನದ_ಚೊಚ್ಚಲು | ಮಂಗಳವಾರ, ಜುಲೈ 22, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಚೊಚ್ಚಲ ಬಸಿರು, ಹಾಸನದ ತವರಲ್ಲಿದ್ದೇನೆ. ತಾಯಿ ಕಾರ್ಡ್‌ನಲ್ಲಿ ಬರೆದಿರುವ ಹೆರಿಗೆ ಡೇಟ್ ಜುಲೈ 17. ಅದು ದಾಟಿ ಐದು ದಿನ ಆಯಿತು, ನೋವಿನ ಸುಳಿವೇ ಇಲ್ಲ. ಇವತ್ತು ಚೆಕಪ್‌ಗೆ ಹೋಗಿದ್ದೆ. ಡಾಕ್ಟರ್ ಪಿ.ವಿ. (ಒಳಗೆ ಬೆರಳಿಟ್ಟು ಮಾಡುವ ಪರೀಕ್ಷೆ) ಮಾಡಿ ನೋಡಿ, "ಗರ್ಭಕೋಶದ ಬಾಯಿ ಇನ್ನೂ ಗಟ್ಟಿ ಇದೆ. ಗುರುವಾರಕ್ಕೆ 41 ವಾರ ತುಂಬುತ್ತೆ, ಬೆಳಗ್ಗೆ ಬಂದು ಅಡ್ಮಿಟ್ ಆಗಿ, ಜೆಲ್ ಇಟ್ಟು ನೋವು ಬರಿಸೋಣ" ಅಂದರು. ಹೊರಗೆ ಮೂವತ್ತು ಜನ ಕಾಯುತ್ತಿದ್ದರು, ಎರಡು ನಿಮಿಷಕ್ಕಿಂತ ಹೆಚ್ಚು ಮಾತಾಡಲು ಆಗಲಿಲ್ಲ. ಬಿಪಿ, ಶುಗರ್ ಎಲ್ಲ ಸರಿಯಿದೆ. ಮಗು ಚೆನ್ನಾಗಿ ಒದೆಯುತ್ತಿದೆ. ಹೋದ ವಾರದ ಸ್ಕ್ಯಾನ್‌ನಲ್ಲಿ ಮಗುವಿನ ಸುತ್ತ ನೀರು ಸಾಕಷ್ಟಿದೆ ಅಂತ ಬಂದಿದೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಗುರುವಾರ ಭೀಮನ ಅಮಾವಾಸ್ಯೆ, ಅವತ್ತು ಬೇಡವೇ ಬೇಡ, ಶುಕ್ರವಾರ ಶ್ರಾವಣ ಹುಟ್ಟುತ್ತೆ, ಅವತ್ತು ಮಾಡಿಸಿ ಅಂತ ಅತ್ತೆಯದು ಫೋನ್ ಮೇಲೆ ಫೋನ್. ಅಮ್ಮನಿಗೆ ತಾನಾಗಿ ನೋವು ಬರಲಿ ಅನ್ನುವ ಆಸೆ. ನಮ್ಮ ಯಜಮಾನರು ಡಾಕ್ಟರ್ ಹೇಳಿದ ಮೇಲೆ ಮುಗೀತು ಅನ್ನುತ್ತಾರೆ. ನೋವು ಬರೋ ಇಂಜೆಕ್ಷನ್ ಕೊಟ್ಟರೆ ಕೊನೆಗೆ ಆಪರೇಷನ್ನೇ ಗತಿ ಅಂತ ಪಕ್ಕದ ಮನೆ ಅಕ್ಕ ಹೆದರಿಸಿ ಹೋದರು.

ನಾನು ಬೇಡ ಅನ್ನುತ್ತಿಲ್ಲ. ಆದರೆ ಹೂಂ ಅನ್ನುವುದಕ್ಕೂ ಏನಾದರೂ ತಿಳಿದಿರಬೇಕಲ್ಲ. ಡಾಕ್ಟರ್ ಹತ್ತಿರ ಏನು ಕೇಳಬೇಕು ಅನ್ನುವುದೇ ಗೊತ್ತಾಗುತ್ತಿಲ್ಲ. ಅನುಭವ ಇದ್ದವರು ತಿಳಿಸಿ.

ಮೈಸೂರು_ಅಮ್ಮ | ಜುಲೈ 22, ರಾತ್ರಿ 11:05

ನಿಮ್ಮನ್ನು ಹೆದರಿಸಬೇಕು ಅಂತ ಬರೆಯುತ್ತಿಲ್ಲ. ನನಗಾದದ್ದು ಹೇಳುತ್ತೇನೆ.

ಮೊದಲನೆಯ ಮಗು, 38 ವಾರ ದಾಟಿ ಎರಡು ದಿನ. ಸ್ಕ್ಯಾನ್‌ನಲ್ಲಿ ಮಗುವಿನ ಕುತ್ತಿಗೆಗೆ ಕರುಳು (ಹೊಕ್ಕುಳಬಳ್ಳಿ) ಒಂದು ಸುತ್ತು ಸುತ್ತಿದೆ ಅಂತ ಬಂತು. "ರಿಸ್ಕ್ ಯಾಕೆ, ನಾಳೆ ಬಂದುಬಿಡಿ" ಅಂದರು. ಒಂದು ಖಾಸಗಿ ನರ್ಸಿಂಗ್ ಹೋಂ. ಅಡ್ಮಿಷನ್ ಕೌಂಟರ್‌ನಲ್ಲಿ ಇಂಗ್ಲಿಷಿನಲ್ಲಿದ್ದ ನಾಲ್ಕು ಹಾಳೆಗೆ ನಮ್ಮವರು ಸೈನ್ ಹಾಕಿದರು, ನಾನೂ ಹಾಕಿದೆ. ಬೆಳಗ್ಗೆ ಆರಕ್ಕೆ ಜೆಲ್, ಮಧ್ಯಾಹ್ನ ಇನ್ನೊಂದು ಜೆಲ್, ಸಂಜೆ ನೋವು ಬರಿಸುವ ಡ್ರಿಪ್. ಏನು ಇಡುತ್ತಿದ್ದೇವೆ, ಯಾಕೆ ಇಡುತ್ತಿದ್ದೇವೆ ಅಂತ ಯಾರೂ ಹೇಳಲಿಲ್ಲ. ಊಟ ಇಲ್ಲ. ಅಮ್ಮನನ್ನು ಒಳಗೆ ಬಿಡಲಿಲ್ಲ. ಎದುರಿಗೆ ಗೋಡೆ ಗಡಿಯಾರ, ಪಕ್ಕದಲ್ಲಿ ಡ್ರಿಪ್ ಸ್ಟ್ಯಾಂಡ್. ಹನಿ ಬೀಳುವುದನ್ನು ಎಣಿಸುತ್ತಾ ಮಲಗಿದ್ದೆ. ಒಬ್ಬರು ಬಂದು ಗಾಲಿ ತಿರುಗಿಸಿ ಹೋಗುತ್ತಿದ್ದರು, ಹನಿ ಜೋರಾಗುತ್ತಿತ್ತು, ಹತ್ತು ನಿಮಿಷಕ್ಕೆ ನೋವೂ ಜೋರಾಗುತ್ತಿತ್ತು. ರಾತ್ರಿ ಎಂಟಕ್ಕೆ "ಬಾಯಿ ಮೂರು ಸೆಂಟಿಮೀಟರ್‌ಗೆ ನಿಂತಿದೆ, ಫೇಲ್ ಆಯ್ತು" ಅಂತ ಓಟಿಗೆ ಕರೆದುಕೊಂಡು ಹೋದರು.

ಮಗು ಚೆನ್ನಾಗಿದೆ, ಈಗ ಯುಕೆಜಿ. ಆಪರೇಷನ್ ಆಯಿತು ಅನ್ನುವುದಕ್ಕೆ ನನಗೆ ಬೇಸರವಿಲ್ಲ. ನನ್ನ ಮೈಮೇಲೆ ನಡೆಯುತ್ತಿದ್ದದ್ದನ್ನು ನನಗೊಬ್ಬಳಿಗೇ ಹೇಳಲಿಲ್ಲವಲ್ಲ, ಅದು ಇವತ್ತಿಗೂ ನೋಯುತ್ತದೆ. ಕುತ್ತಿಗೆಗೆ ಕರುಳು ಸುತ್ತುವುದು ನಾಲ್ಕೈದು ಮಕ್ಕಳಲ್ಲಿ ಒಂದಕ್ಕೆ ಇರುತ್ತದೆ, ಬರೀ ಅದೊಂದೇ ನೋವು ಬರಿಸಲು ಕಾರಣ ಆಗುವುದಿಲ್ಲ ಅಂತ ಎರಡನೇ ಬಸಿರಲ್ಲಿ ಬೇರೆ ಡಾಕ್ಟರ್ ಹೇಳಿದ ಮೇಲೆ ತಿಳಿಯಿತು.

ಹುಬ್ಬಳ್ಳಿ_ಅಕ್ಕ | ಜುಲೈ 22, ರಾತ್ರಿ 11:31

ನಂದು ಬ್ಯಾರೆ ಕಥಿ ಐತ್ರಿ. 37 ವಾರಕ್ಕ ಚೆಕಪ್‌ಗೆ ಹೋದಾಗ ಬಿಪಿ 160/110. ಎರಡ ದಿನದಿಂದ ತಲಿ ಒಂದ ಸವನ ನೋಯ್ತಿತ್ತು, ಕಣ್ಣ ಮುಂದ ಮಿಂಚ ಹೊಳದಂಗ ಆಗ್ತಿತ್ತು. ಬಿಸಲಿಗೆ ಹಂಗ ಆಗೇತಿ ಅನಕೊಂಡು ಸುಮ್ಮನಿದ್ದೆ. ಡಾಕ್ಟರ್ ನನ್ನ ಕುಂದ್ರಿಸಿ ಸಾವಕಾಶ ತಿಳಿಸಿ ಹೇಳಿದ್ರು: "ಇದು ಬಸಿರಿನ ಬಿಪಿ ರೋಗ. ಕೂಸು, ಮಾಸ ಹೊರಗ ಬಂದ ಮ್ಯಾಲೇ ಇದು ಇಳಿಯೂದು. ಕಾದ್ರ ನಿನಗ ಫಿಟ್ಸ್ ಬರಬಹುದು, ಕೂಸಿಗೂ ಧಕ್ಕಿ. ಇವತ್ತೇ ನೋವ ಬರಸೂಣು."

ಬಾಯಿ ತೆರಿಲಿಕ್ಕೆ ಫೋಲಿ ಅನ್ನೂ ಬಲೂನ್ ಟ್ಯೂಬ್ ಹಾಕಿದ್ರು, ಆಮ್ಯಾಲ ಡ್ರಿಪ್. 22 ತಾಸಿಗೆ ಹೆರಿಗಿ ಆತು, ನಾರ್ಮಲ್ಲೇ. ನೋವ ಬರಸೂದೇ ಕೆಟ್ಟದ್ದು ಅಂತ ಯಾರರ ಅಂದ್ರ ನಾ ಒಪ್ಪಂಗಿಲ್ಲ ನೋಡ್ರಿ. ಅದ ಇರಲಿಲ್ಲಂದ್ರ ಇವತ್ತ ಇದನ್ನ ಬರೀಲಿಕ್ಕೆ ನಾ ಇರತಿದ್ನೋ ಇಲ್ಲೋ.

ಲೇಬರ್‌ವಾರ್ಡ್_ಸಿಸ್ಟರ್ | ಜುಲೈ 23, ಬೆಳಗ್ಗೆ 5:50

ತಂಗಿ, ಗಾಬರಿ ಬೇಡ. ಸರ್ಕಾರಿ ಆಸ್ಪತ್ರೆಯ ಲೇಬರ್ ವಾರ್ಡ್‌ನಲ್ಲಿ 31 ವರ್ಷ ದುಡಿದು ಈಗ ಮನೆಯಲ್ಲಿದ್ದೇನೆ. ನಿನ್ನ ಬರಹ ಓದಿದಾಗ ನನಗೆ ಮೊದಲು ತೋಚಿದ್ದು: ಈ ಜುಲೈ 17 ಬಂದದ್ದು ಎಲ್ಲಿಂದ?

ಕೊನೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನ ಕೂಡಿಸಿದರೆ ಡೇಟ್. ತಿಂಗಳು ತಿಂಗಳು 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರಿಗೆ, ಆ ತಾರೀಖು ನೆನಪಿರುವವರಿಗೆ ಈ ಲೆಕ್ಕ ಸರಿ. ನಾನು ಕಾರ್ಡ್ ಬರೆಯುವಾಗ ಕೇಳಿದರೆ ಎಷ್ಟೋ ಹುಡುಗಿಯರು "ಊರ ಜಾತ್ರೆ ಮುಗಿದ ಮೇಲೆ ಅಕ್ಕ", "ಗೌರಿ ಹಬ್ಬದ ಹೊತ್ತಿಗೆ" ಅನ್ನುತ್ತಿದ್ದರು. ಕ್ಯಾಲೆಂಡರ್ ನೋಡಿ ಒಂದು ತಾರೀಖು ಬರೆದುಬಿಡುತ್ತಿದ್ದೆವು. ಅಂದಾಜಿನಲ್ಲಿ ಬರೆದದ್ದು ಒಂಬತ್ತನೇ ತಿಂಗಳ ಹೊತ್ತಿಗೆ ಶಿಲಾಶಾಸನ ಆಗಿಬಿಡುತ್ತಿತ್ತು. ಮೊದಲ ಮೂರು ತಿಂಗಳೊಳಗೆ ಸ್ಕ್ಯಾನ್ ಆಗಿದ್ದರೆ ಆ ರಿಪೋರ್ಟ್ ಹುಡುಕು. ಸಿಆರ್‌ಎಲ್ ಅಂತ ಬರೆದಿರುತ್ತದೆ, ಮಗುವಿನ ನೆತ್ತಿಯಿಂದ ಕುಂಡೆಯವರೆಗಿನ ಉದ್ದ. ಅದರಷ್ಟು ನಂಬಬಹುದಾದ ಲೆಕ್ಕ ಆಮೇಲಿನ ಯಾವ ಸ್ಕ್ಯಾನ್‌ನಲ್ಲೂ ಸಿಗುವುದಿಲ್ಲ. ಒಂಬತ್ತನೇ ತಿಂಗಳ ಸ್ಕ್ಯಾನ್ ಬೇರೆ ಡೇಟ್ ತೋರಿಸಿದರೆ ಅದನ್ನು ತಲೆಗೆ ಹಚ್ಚಿಕೊಳ್ಳಬೇಡ, ಅಷ್ಟು ಹೊತ್ತಿಗೆ ಒಂದು ಮಗು ದಪ್ಪ ಇರುತ್ತದೆ, ಒಂದು ಸಣ್ಣ.

ಇನ್ನು ಬಾಯಿಯ ವಿಷಯ. ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಗಟ್ಟಿಯೋ ಮೆತ್ತಗೋ, ಹಿಂದೆ ಇದೆಯೋ ಮುಂದೆ ಬಂದಿದೆಯೋ, ಮಗುವಿನ ತಲೆ ಎಷ್ಟು ಇಳಿದಿದೆ, ಇಷ್ಟಕ್ಕೂ ಅಂಕ ಕೊಟ್ಟು ಕೂಡಿಸುತ್ತಾರೆ. ಬಿಷಪ್ ಸ್ಕೋರ್ ಅಂತ ಹೆಸರು, 1964ರಿಂದ ಇದೆ. ಒಟ್ಟು 13 ಅಂಕ. 8ರ ಮೇಲಿದ್ದರೆ ತಾನಾಗಿ ನೋವು ಬಂದವರ ಹಾಗೆಯೇ ಸಲೀಸು. 6 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮೊದಲು ಬಾಯಿ ಹದಕ್ಕೆ ತರಬೇಕು. ನಮಗೆ ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟದ್ದು ಹೀಗೆ: ಬೆರಳಿಗೆ ಮೂಗಿನ ತುದಿ ಮುಟ್ಟಿದ ಹಾಗಿದ್ದರೆ ಗಟ್ಟಿ, ತುಟಿ ಮುಟ್ಟಿದ ಹಾಗಿದ್ದರೆ ಹದ.

ಹದಕ್ಕೆ ತರುವುದಕ್ಕೇ ಜೆಲ್. ಒಮ್ಮೆ ಇಟ್ಟು ಆರು ಗಂಟೆ ನೋಡಿ ಬೇಕಾದರೆ ಇನ್ನೊಂದು. ಕೆಲವು ಕಡೆ ಮಿಸೊಪ್ರೊಸ್ಟಾಲ್ ಮಾತ್ರೆ, 25 ಮೈಕ್ರೋಗ್ರಾಂ, ಎರಡು ಗಂಟೆಗೊಮ್ಮೆ ನುಂಗಿಸುತ್ತಾರೆ. ಮೂತ್ರಕ್ಕೆ ಹಾಕುವ ಫೋಲಿ ಟ್ಯೂಬ್ ಇದೆಯಲ್ಲ, ಅದನ್ನೇ ಬಾಯಿಯೊಳಗೆ ದಾಟಿಸಿ ತುದಿಯ ಬಲೂನಿಗೆ ನೀರು ತುಂಬಿಸಿದರೆ ಔಷಧಿ ಇಲ್ಲದೆಯೇ ಬಾಯಿ ತೆರೆಯುತ್ತದೆ. ಆಮೇಲೆ ನೀರಿನ ಚೀಲ ಒಡೆಯುವುದು, ನೋವು ಬರಿಸುವ ಆಕ್ಸಿಟೋಸಿನ್ ಡ್ರಿಪ್. ಚೊಚ್ಚಲು, ಬಾಯಿ ಗಟ್ಟಿ ಅಂದರೆ ಒಂದು ಹಗಲು ಒಂದು ರಾತ್ರಿ ಹಿಡಿಯುತ್ತದೆ, ಹೆಚ್ಚೂ ಆಗಬಹುದು. ಬೆಳಗ್ಗೆ ಹೋಗಿ ಸಂಜೆಗೆ ಮಗು ಎತ್ತಿಕೊಳ್ಳುತ್ತೇವೆ ಅಂದುಕೊಂಡು ಬಂದ ಮನೆಯವರೇ ರಾತ್ರಿ ಹೊತ್ತಿಗೆ "ಇನ್ನೂ ಆಗಿಲ್ವಾ, ಆಪರೇಷನ್ ಮಾಡಿಬಿಡಿ" ಅಂತ ಬಾಗಿಲು ಬಡಿಯುವುದನ್ನು ಎಷ್ಟು ಸಲ ನೋಡಿದ್ದೇನೆ.

ಡ್ರಿಪ್ ಹಾಕಿದ ಮೇಲೆ ಯಾರಾದರೂ ಪಕ್ಕದಲ್ಲಿರಬೇಕು, ಇದನ್ನು ಕೇಳಿಕೋ. ಹತ್ತು ನಿಮಿಷಕ್ಕೆ ಐದಕ್ಕಿಂತ ಹೆಚ್ಚು ನೋವು ಬಂದರೆ ನಡುವೆ ಮಗುವಿಗೆ ರಕ್ತ ಸಾಕಷ್ಟು ಸಿಗುವುದಿಲ್ಲ, ಎದೆಬಡಿತ ಇಳಿಯುತ್ತದೆ. ಆಗ ಡ್ರಿಪ್ ಕಡಿಮೆ ಮಾಡಬೇಕು ಇಲ್ಲವೇ ನಿಲ್ಲಿಸಬೇಕು. ಮಿಷನ್ ಇದ್ದರೂ ನಾನು ಹೊಟ್ಟೆ ಮೇಲೆ ಕೈಯಿಟ್ಟು ಕೂರುತ್ತಿದ್ದೆ. ಗರ್ಭಕೋಶ ಕಲ್ಲಾಗುವುದು, ಸಡಿಲವಾಗುವುದು ಅಂಗೈಗೆ ತಿಳಿಯುತ್ತದೆ.

ಸಹಜ_ಹೆರಿಗೆ | ಜುಲೈ 23, ಬೆಳಗ್ಗೆ 7:15

ಇಷ್ಟೆಲ್ಲ ಯಾಕೆ? ಹಣ್ಣು ಮಾಗಿದರೆ ತಾನೇ ಬೀಳುತ್ತೆ. ನಮ್ಮಜ್ಜಿ ಒಂಬತ್ತು ಹೆತ್ತರು, ಯಾವ ಜೆಲ್ ಇತ್ತು? ಸರ್ಕಾರದ್ದೇ ಸಮೀಕ್ಷೆ ನೋಡಿ, 2019-21ರಲ್ಲಿ ದೇಶದ ಖಾಸಗಿ ಆಸ್ಪತ್ರೆ ಹೆರಿಗೆಗಳಲ್ಲಿ 47.4% ಸಿಸೇರಿಯನ್, ಸರ್ಕಾರಿಯಲ್ಲಿ 14.3%. ಇದು ಹೆಂಗಸರ ದೇಹ ಕೆಟ್ಟಿದ್ದರಿಂದ ಆದದ್ದಾ? ಎರಡು ಚಮಚ ಹರಳೆಣ್ಣೆ, ಬಿಸಿ ಜೀರಿಗೆ ಕಷಾಯ ಕುಡಿದು ಮನೆಯಲ್ಲೇ ಓಡಾಡಿಕೊಂಡಿರಿ. ಯಾರು ಏನೇ ಅಂದರೂ ಕಾಯಿರಿ.

ಕಳೆದುಕೊಂಡವಳು | ಜುಲೈ 23, ಬೆಳಗ್ಗೆ 8:02

ಯಾರು ಏನೇ ಅಂದರೂ ಕಾಯಿರಿ ಅಂತ ದಯವಿಟ್ಟು ಬರೆಯಬೇಡಿ.

ನಾನು ಕಾದೆ. 41 ವಾರ ಮುಗಿದು ಐದು ದಿನ. ಅಡ್ಮಿಟ್ ಆಗಿ ಅಂತ ಹೇಳಿದ್ದರು, ಒಳ್ಳೆ ದಿನ ನೋಡಿ ಹೋಗೋಣ ಅಂತ ಮನೆಯಲ್ಲಿ ತಡೆದರು, ನಾನೂ ಸುಮ್ಮನಾದೆ. ಒಂದು ದಿನ ಒದೆತ ಕಡಿಮೆ ಅನ್ನಿಸಿತು. "ಹೆರಿಗೆ ಹತ್ತಿರ ಬಂದಾಗ ಮಗು ಸುಮ್ಮನಾಗುತ್ತೆ, ಜಾಗ ಇರಲ್ಲ" ಅಂದರು. ಮಾರನೇ ದಿನ ಹೋದಾಗ ಎದೆಬಡಿತ ಇರಲಿಲ್ಲ. ಕಾಯದೆ ಇದ್ದಿದ್ದರೆ ಉಳಿಯುತ್ತಿತ್ತಾ ಅಂತ ಯಾರೂ ಖಂಡಿತ ಹೇಳಲಾರರು. ಆದರೆ ಜಾಗ ಇರಲ್ಲ ಅನ್ನುವ ಮಾತು ಸುಳ್ಳು ಅಂತ ಆಮೇಲೆ ಡಾಕ್ಟರ್ ಹೇಳಿದರು. ಕೊನೆ ದಿನದವರೆಗೂ ಮಗು ಮೊದಲಿನಷ್ಟೇ ಆಡಬೇಕು.

ಹಾಸನದ ತಂಗಿ, ನೀವು ಏನೇ ತೀರ್ಮಾನ ಮಾಡಿ, ಒದೆತ ಕಡಿಮೆಯಾದರೆ ರಾತ್ರಿ ಎರಡು ಗಂಟೆಯಾದರೂ ಸರಿ, ಹೊರಡಿ.

ಪ್ರಸೂತಿವೈದ್ಯೆ_ಮಲೆನಾಡು | ಜುಲೈ 23, ಬೆಳಗ್ಗೆ 9:20

ಮೇಲೆ ಬರೆದ ತಾಯಿಗೆ ಏನು ಹೇಳಬೇಕೋ ತಿಳಿಯದು. ಬರೆದಿದ್ದಕ್ಕೆ ಕೃತಜ್ಞತೆ.

ಕಾಯಬೇಕೆನ್ನುವವರು ಕೊಟ್ಟ ಅಂಕಿ ಸರಿಯಾದದ್ದೇ, ಅದು ನಮ್ಮ ವೃತ್ತಿ ತಲೆತಗ್ಗಿಸಬೇಕಾದ ಅಂಕಿ. ಆದರೆ ಅದು ಸಿಸೇರಿಯನ್‌ನ ಲೆಕ್ಕ, ನೋವು ಬರಿಸಿದ್ದರ ಲೆಕ್ಕ ಅಲ್ಲ. ನೋವು ಬರಿಸಿದರೆ ಆಪರೇಷನ್ನೇ ಗತಿ ಅನ್ನುವ ಮಾತನ್ನು ನಾವೂ ಓದುವಾಗ ನಂಬಿದ್ದೆವು. ಅಮೆರಿಕದಲ್ಲಿ ಯಾವ ತೊಂದರೆಯೂ ಇಲ್ಲದ 6,106 ಚೊಚ್ಚಲು ಬಸುರಿಯರನ್ನು ಎರಡು ಗುಂಪು ಮಾಡಿ ನೋಡಿದ ಅರೈವ್ ಅನ್ನುವ ಅಧ್ಯಯನ 2018ರಲ್ಲಿ ಬಂತು. 39ನೇ ವಾರದಲ್ಲಿ ನೋವು ಬರಿಸಿದ ಗುಂಪಿನಲ್ಲಿ ಸಿಸೇರಿಯನ್ 18.6%, ಕಾದ ಗುಂಪಿನಲ್ಲಿ 22.2%. ಮಕ್ಕಳ ತೊಂದರೆಯಲ್ಲಿ ಎರಡು ಗುಂಪಿನ ನಡುವೆ ಖಚಿತ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಎಲ್ಲರಿಗೂ 39ಕ್ಕೇ ಬರಿಸಿ ಅಂತ ನಾನು ಹೇಳುವುದಿಲ್ಲ. ಬಾಯಿ ಹದಕ್ಕೆ ತಂದು, ನೀರು ಒಡೆದು, ಡ್ರಿಪ್ ಹಾಕಿ ಕಡೇಪಕ್ಷ 12 ಗಂಟೆ ಕಾಯದೆ ಫೇಲ್ ಅನ್ನಬಾರದು. ತಾಯಿ, ಮಗು ಚೆನ್ನಾಗಿದ್ದರೆ ಇನ್ನೂ ಹೊತ್ತು ಕಾಯಬಹುದು. ಆ ತಾಳ್ಮೆ ಇರುವ ವಾರ್ಡ್‌ನಲ್ಲಿ ಈ ಅಂಕಿ ನಿಜವಾಗುತ್ತದೆ. ಬೆಳಗ್ಗೆ ಜೆಲ್, ರಾತ್ರಿ ಓಟಿ ಅನ್ನುವ ಕಡೆ ಆಗುವುದಿಲ್ಲ. ಮೈಸೂರಿನವರು ಬರೆದದ್ದನ್ನು ಓದಿ ನನಗೆ ಸಂಕಟವಾಯಿತು.

ಇನ್ನು 41 ವಾರ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು, 41 ವಾರ ತುಂಬಿದೆ ಎಂದು ಖಚಿತವಾಗಿ ಗೊತ್ತಿರುವವರಿಗೆ ನೋವು ಬರಿಸಬೇಕು ಎಂದು. ಆ "ಖಚಿತವಾಗಿ" ಅನ್ನುವ ಪದದ ಮೇಲೆ ಬೆರಳಿಡಿ. ಸ್ವೀಡನ್‌ನಲ್ಲಿ 2,760 ಜನರನ್ನು 41ಕ್ಕೆ ಬರಿಸುವುದಾ, 42ರವರೆಗೆ ಕಾಯುವುದಾ ಎಂದು ಹೋಲಿಸಿದರು. ಕಾದ ಗುಂಪಿನಲ್ಲಿ ಆರು ಮಕ್ಕಳು ಹೋದವು, ಇನ್ನೊಂದರಲ್ಲಿ ಒಂದೂ ಇಲ್ಲ. ಅಧ್ಯಯನವನ್ನೇ ನಡುವೆ ನಿಲ್ಲಿಸಿ 2019ರಲ್ಲಿ ಪ್ರಕಟಿಸಿದರು. ಇನ್ನೊಂದು ಕಡೆಯಿಂದಲೂ ನೋಡಬೇಕು: 34 ಅಧ್ಯಯನಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆಯ ಪ್ರಕಾರ ಒಂದು ಮಗುವಿನ ಸಾವು ತಪ್ಪಿಸಲು ಸುಮಾರು 544 ಜನರಿಗೆ ನೋವು ಬರಿಸಬೇಕಾಗುತ್ತದೆ. ಒಬ್ಬಳಿಗೆ ಇದು ದೊಡ್ಡದಾಗಿ ಕಾಣುತ್ತದೆ, ಇನ್ನೊಬ್ಬಳಿಗೆ ಸಣ್ಣದಾಗಿ. ಅಂಕಿ ನಾವು ಹೇಳಬೇಕು, ಎಷ್ಟು ಭಾರ ಅನ್ನುವುದನ್ನು ಅವಳೇ ತೂಗಬೇಕು.

ಹರಳೆಣ್ಣೆ ಬೇಡಮ್ಮ. ಭೇದಿಯಾಗಿ ನಿತ್ರಾಣವಾಗಿ ಬಂದವರನ್ನು ಡ್ರಿಪ್ ಹಾಕಿ ಸುಧಾರಿಸಿದ್ದೇನೆ, ಹೆರುವ ಹೊತ್ತಿಗೆ ಅವರಲ್ಲಿ ಕಸುವೇ ಉಳಿದಿರಲಿಲ್ಲ. ಅದಕ್ಕಿಂತ ಅಪಾಯ, ಮನೆಗೇ ಬಂದು "ನೋವಿನ ಸೂಜಿ" ಚುಚ್ಚುವವರು. ಆಕ್ಸಿಟೋಸಿನ್ ಹಾಗೆ ಚುಚ್ಚಿದರೆ ಹಿಂದಕ್ಕೆ ತೆಗೆಯಲು ಆಗುವುದಿಲ್ಲ, ಗರ್ಭಕೋಶ ಸೀಳಬಹುದು. ಡ್ರಿಪ್ ಆದರೆ ಗಾಲಿ ತಿರುಗಿಸಿ ನಿಲ್ಲಿಸಬಹುದು. ಹೈನುಗಾರಿಕೆಯಲ್ಲಿ ಈ ಔಷಧಿ ಎಷ್ಟು ದುರ್ಬಳಕೆಯಾಯಿತು ಅಂದರೆ 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ತಯಾರಿಕೆಯನ್ನೇ ನಿಷೇಧಿಸಿ ಬೆಂಗಳೂರಿನ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಕಾರ್ಖಾನೆಗೆ ಮಾತ್ರ ಬಿಡಲು ಹೊರಟಿತ್ತು. ಹೆತ್ತ ಮೇಲೆ ರಕ್ತಸ್ರಾವ ನಿಲ್ಲಿಸಲು ಇದೇ ಮದ್ದು, ಸಿಗದೇ ಹೋದರೆ ತಾಯಂದಿರು ಸಾಯುತ್ತಾರೆ ಎಂದು ವಾದವಾಗಿ ಆ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆದೇಶ ರದ್ದು ಮಾಡಿತು.

ಸಿಸ್ಟರ್ ಕೇಳಿದ ಪ್ರಶ್ನೆಯೇ ನನ್ನದೂ. ಮೊದಲ ಸ್ಕ್ಯಾನ್ ಏನು ಹೇಳುತ್ತದೆ?

ತುಮಕೂರು_ಸೊಸೆ | ಜುಲೈ 23, ಬೆಳಗ್ಗೆ 9:48

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನನಗೆ ಮೊದಲನೆಯದು ಸಿಸೇರಿಯನ್. ಈ ಸಲ ನಾರ್ಮಲ್ ಆಗಲಿ ಅಂತಿದೆ. ಜೆಲ್, ಮಾತ್ರೆ ನನಗೂ ಕೊಡಬಹುದಾ?

ಪ್ರಸೂತಿವೈದ್ಯೆ_ಮಲೆನಾಡು | ಜುಲೈ 23, ಬೆಳಗ್ಗೆ 9:55

ಮಿಸೊಪ್ರೊಸ್ಟಾಲ್ ಮಾತ್ರೆ ನಿಮಗೆ ಕೂಡದು, ಹಳೆಯ ಹೊಲಿಗೆ ಬಿಚ್ಚಿಕೊಳ್ಳುವ ಅಪಾಯ ಇದೆ. ಚೆಕಪ್‌ಗೆ ಹೋದಾಗೆಲ್ಲ ಮೊದಲ ವಾಕ್ಯವೇ "ನನಗೆ ಮೊದಲು ಆಪರೇಷನ್ ಆಗಿದೆ" ಅಂತಿರಲಿ, ಹಳೆಯ ಡಿಸ್ಚಾರ್ಜ್ ಕಾರ್ಡ್ ಜೊತೆಗಿರಲಿ. ತುರ್ತಾಗಿ ಆಪರೇಷನ್ ಮಾಡಲು ಅನುಕೂಲ ಇರುವ ಆಸ್ಪತ್ರೆಯಲ್ಲೇ ಪ್ರಯತ್ನ ಮಾಡಿ.

ಹಾಸನದ_ಚೊಚ್ಚಲು | ಜುಲೈ 23, ಬೆಳಗ್ಗೆ 10:30

ಫೈಲ್ ಎಲ್ಲ ನೆಲದ ಮೇಲೆ ಹರಡಿಕೊಂಡು ಕೂತಿದ್ದೇನೆ. ಸಿಕ್ಕಿತು! ಬೆಂಗಳೂರಿನಲ್ಲಿ ಮಾಡಿಸಿದ ಮೊದಲ ಸ್ಕ್ಯಾನ್, ಡಿಸೆಂಬರ್ 21. ಸಿಆರ್‌ಎಲ್ 23 ಮಿ.ಮೀ., 9 ವಾರ 0 ದಿನ ಅಂತ ಇದೆ. ಕೆಳಗೆ ಡೇಟ್ ಜುಲೈ 26 ಅಂತ ಬರೆದಿದ್ದಾರೆ. ಹಾಸನಕ್ಕೆ ಬಂದ ಮೇಲೆ ಕಾರ್ಡ್ ಮಾಡಿಸುವಾಗ ಈ ರಿಪೋರ್ಟ್ ಬೆಂಗಳೂರಿನ ಮನೆಯಲ್ಲೇ ಇತ್ತು, ಯಜಮಾನರು ಹೋದ ತಿಂಗಳು ತಂದದ್ದು.

ಕೊನೆಯ ಮುಟ್ಟು ಅಕ್ಟೋಬರ್ 10 ಅಂತ ಹೇಳಿದ್ದೆ. ಆಯುಧಪೂಜೆಯ ಹಿಂದಿನ ದಿನ, ಪೂಜೆಗೆ ಕೂರಲಾಗಲಿಲ್ಲ ಅಂತ ನೆನಪು. ಆದರೆ ನನಗೆ ಮುಟ್ಟು 35 ದಿನ, 40 ದಿನಕ್ಕೆ ಬರುತ್ತಿತ್ತು. ಅದನ್ನು ಯಾರೂ ಕೇಳಲಿಲ್ಲ, ಹೇಳಬೇಕು ಅಂತ ನನಗೂ ತಿಳಿಯಲಿಲ್ಲ.

ಲೇಬರ್‌ವಾರ್ಡ್_ಸಿಸ್ಟರ್ | ಜುಲೈ 23, ಬೆಳಗ್ಗೆ 10:41

ನೋಡಿದೆಯಾ! ಅಕ್ಟೋಬರ್ 10ರಿಂದ ಎಣಿಸಿದರೆ ಡಿಸೆಂಬರ್ 21ಕ್ಕೆ 10 ವಾರ 2 ದಿನ ಆಗಬೇಕಿತ್ತು. ಸ್ಕ್ಯಾನ್‌ನಲ್ಲಿ 9 ವಾರ. ಒಂಬತ್ತು ದಿನ ವ್ಯತ್ಯಾಸ. ಆ ಹೊತ್ತಿನ ಸ್ಕ್ಯಾನ್‌ಗೂ ಮುಟ್ಟಿನ ಲೆಕ್ಕಕ್ಕೂ ಒಂದು ವಾರಕ್ಕಿಂತ ಹೆಚ್ಚು ಅಂತರ ಬಂದರೆ ಸ್ಕ್ಯಾನ್ ಡೇಟನ್ನೇ ಹಿಡಿಯಬೇಕು. ಹಾಗಾದರೆ ನಾಳೆ ಗುರುವಾರಕ್ಕೆ ನಿನಗೆ 41 ಅಲ್ಲ, 39 ವಾರ 5 ದಿನ. ಇವತ್ತೇ ಆ ರಿಪೋರ್ಟ್ ತೆಗೆದುಕೊಂಡು ನಿನ್ನ ಡಾಕ್ಟರ್ ಹತ್ತಿರ ಹೋಗು. ಜಗಳಕ್ಕಲ್ಲ, ತೋರಿಸುವುದಕ್ಕೆ. ನಾವಿಲ್ಲಿ ನಿನ್ನ ಹೊಟ್ಟೆ ಮುಟ್ಟಿ ನೋಡಿಲ್ಲ, ಅವರು ನೋಡಿದ್ದಾರೆ.

ಲೀಸೆಸ್ಟರ್_ಕನ್ನಡತಿ | ಜುಲೈ 23, ಮಧ್ಯಾಹ್ನ 12:10

ಇಂಗ್ಲೆಂಡಿನಿಂದ ಒಂದು ಮಾತು. 2021ರಲ್ಲಿ ನಾನು ಬಸುರಿ. ಆ ಮೇ ತಿಂಗಳಲ್ಲಿ ಇಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆಯ ಕರಡು ಬಂತು: ಕಪ್ಪು, ಏಷ್ಯನ್ ಮೂಲದ ಹೆಂಗಸರಿಗೆ ಬೇರೆ ತೊಂದರೆ ಇಲ್ಲದಿದ್ದರೂ 39 ವಾರಕ್ಕೇ ನೋವು ಬರಿಸುವುದನ್ನು ಯೋಚಿಸಿ ಅಂತ. ನಮ್ಮವರಲ್ಲಿ ಹೊಟ್ಟೆಯಲ್ಲೇ ಮಗು ತೀರಿಕೊಳ್ಳುವುದು ಬಿಳಿಯರಿಗಿಂತ ಹೆಚ್ಚು ಅನ್ನುವುದು ನಿಜ. ಆದರೆ ನನ್ನ ಮೈಬಣ್ಣವೇ ಒಂದು ಕಾಯಿಲೆ ಅನ್ನುವ ಹಾಗೆ ಓದಿದಾಗ ಕಣ್ಣಲ್ಲಿ ನೀರು ಬಂತು. ತುಂಬಾ ವಿರೋಧ ಬಂದು ನವೆಂಬರ್‌ನ ಅಂತಿಮ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು.

ನನ್ನ ಮಿಡ್‌ವೈಫ್ ಮಾಡಿದ್ದು ಮಾತ್ರ ಮರೆಯಲಾರೆ. 40 ವಾರಕ್ಕೆ ಒಂದು ಹಾಳೆ ಕೊಟ್ಟು, "ಮನೆಗೆ ಹೋಗಿ ಓದಿ, ಗಂಡನ ಹತ್ತಿರ ಮಾತಾಡಿ, ಮೂರು ದಿನ ಬಿಟ್ಟು ಹೇಳಿ" ಅಂದಳು. ಬೆರಳು ಹಾಕಿ ನೀರಿನ ಚೀಲವನ್ನು ಬಾಯಿಯ ಸುತ್ತ ಬಿಡಿಸುವ ಸ್ವೀಪ್ ಮಾಡುವ ಮೊದಲೂ "ನೋಯುತ್ತೆ, ಸ್ವಲ್ಪ ರಕ್ತ ಕಾಣಬಹುದು, ಬೇಡ ಅಂದರೆ ಯಾವ ಕ್ಷಣದಲ್ಲಾದರೂ ನಿಲ್ಲಿಸುತ್ತೇನೆ" ಅಂದಳು. ಊರಲ್ಲಿ ನನ್ನ ಅಕ್ಕನಿಗೆ ಪಿ.ವಿ. ಮಾಡುವಾಗಲೇ ಹೇಳದೆ ಕೇಳದೆ ಅದನ್ನು ಮಾಡಿದ್ದರಂತೆ.

ಕರಿಕೋಟು | ಜುಲೈ 23, ಮಧ್ಯಾಹ್ನ 1:25

ವಕೀಲಿ ಮಾಡುತ್ತೇನೆ, ಸಹಿ ವಿಷಯಕ್ಕೆ ಬರುತ್ತೇನೆ. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. ತಪಾಸಣೆಗೆಂದು ಅರಿವಳಿಕೆ ಕೊಟ್ಟು ಮಲಗಿಸಿದ್ದಾಗ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಸಮೀರಾ ಅವರ ಗರ್ಭಕೋಶ ತೆಗೆದಿದ್ದರು. ಪ್ರಾಯಕ್ಕೆ ಬಂದ, ಬುದ್ಧಿ ಸ್ಥಿಮಿತದಲ್ಲಿರುವ ಹೆಂಗಸಿನ ಪರವಾಗಿ ಬೇರೆಯವರು ಒಪ್ಪಿಗೆ ಕೊಟ್ಟರೆ ಅದು ಒಪ್ಪಿಗೆಯಲ್ಲ ಅಂದಿತು ಕೋರ್ಟ್. ಏನು ಮಾಡುತ್ತಾರೆ, ಯಾಕೆ, ಅದರಿಂದ ಆಗುವ ಒಳಿತು, ಬೇರೆ ದಾರಿ, ಮುಖ್ಯ ಅಪಾಯ, ಬೇಡ ಅಂದರೆ ಏನಾಗಬಹುದು, ಇಷ್ಟನ್ನೂ ರೋಗಿಗೆ ತಿಳಿಸಿರಬೇಕು. ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಆಗುವುದಿಲ್ಲ. ತಡಮಾಡಿದರೆ ಜೀವಕ್ಕೆ ಅಪಾಯ ಅನ್ನುವ ತುರ್ತಿನಲ್ಲಿ ಮಾತ್ರ ವಿನಾಯಿತಿ.

ಮೈಸೂರಿನ ಅಮ್ಮನವರೇ, ಕೌಂಟರ್‌ನಲ್ಲಿ ಓದಿಸದೆ ಹಾಕಿಸಿಕೊಂಡ ನಾಲ್ಕು ಸಹಿ ಈ ಅಳತೆಗೆ ನಿಲ್ಲುವುದಿಲ್ಲ.

ಮಗಳ_ಅಪ್ಪ | ಜುಲೈ 23, ಮಧ್ಯಾಹ್ನ 2:40

ಗಂಡಸರು ಇದನ್ನು ಓದುತ್ತಿದ್ದರೆ: ಜೊತೆಗೆ ಯಾರು ಒಳಗಿರಬಹುದು ಅಂತ ಮೊದಲೇ ಕೇಳಿಟ್ಟುಕೊಳ್ಳಿ. 2017ರಲ್ಲಿ ಶುರುವಾದ ಲಕ್ಷ್ಯ ಯೋಜನೆಯಲ್ಲಿ ಸರ್ಕಾರಿ ಲೇಬರ್ ರೂಮ್‌ಗಳಲ್ಲೂ ಹೆರಿಗೆ ಸಂಗಾತಿಗೆ ಅವಕಾಶ ಇದೆ. ನಮ್ಮಲ್ಲಿ ಹೆಂಗಸರನ್ನಷ್ಟೇ ಬಿಟ್ಟರು, ನನ್ನ ಅಕ್ಕ ಒಳಗಿದ್ದಳು. ಹೆಂಡತಿ ನೋವಿನಲ್ಲಿ ಮಾತಾಡಲಾಗದೆ ಇದ್ದಾಗ "ಅವಳಿಗೆ ಈಗ ಏನು ಕೊಡ್ತಿದ್ದೀರಿ ಮೇಡಂ?" ಅಂತ ಕೇಳಿದವಳು ಅವಳೇ.

ಹಾಸನದ_ಚೊಚ್ಚಲು | ಜುಲೈ 23, ರಾತ್ರಿ 8:15

ಹೋಗಿ ಬಂದೆ. ಸಂಜೆ ಕೊನೆಯ ಪೇಶೆಂಟ್ ನಾನೇ, ಬೇಕಂತಲೇ ತಡವಾಗಿ ಟೋಕನ್ ತೆಗೆದುಕೊಂಡೆ. ರಿಪೋರ್ಟ್ ಮುಂದಿಟ್ಟು, "ಮೇಡಂ, ಇದು ಒಂಬತ್ತನೇ ವಾರದ್ದು, ನನ್ನ ಮುಟ್ಟು ಸರಿಯಾಗಿ ಬರುತ್ತಿರಲಿಲ್ಲ" ಅಂದೆ. ಕೈ ನಡುಗುತ್ತಿತ್ತು. ಅವರು ರಿಪೋರ್ಟ್ ನೋಡಿದರು, ಕಾರ್ಡ್ ನೋಡಿದರು, ಟೇಬಲ್ ಮೇಲಿದ್ದ ರಟ್ಟಿನ ಚಕ್ರ ತಿರುಗಿಸಿ ಲೆಕ್ಕ ಹಾಕಿದರು. ಆಮೇಲೆ ಕಾರ್ಡ್‌ನಲ್ಲಿ 17 ಹೊಡೆದು ಹಾಕಿ ಕೆಂಪು ಪೆನ್ನಲ್ಲಿ 26 ಅಂತ ಬರೆದು ಪಕ್ಕದಲ್ಲಿ ಸೈನ್ ಹಾಕಿದರು. "ಇದನ್ನು ನಾನೇ ಕೇಳಬೇಕಿತ್ತು" ಅಂದರು. ಕೋಪ ಮಾಡಿಕೊಳ್ಳಲಿಲ್ಲ, ಇವತ್ತು ಇಪ್ಪತ್ತು ನಿಮಿಷ ಕೂರಿಸಿ ಮಾತಾಡಿದರು.

ವಾರಕ್ಕೆ ಎರಡು ಸಲ ಮಗುವಿನ ಎದೆಬಡಿತ ನೋಡುವ ಎನ್‌ಎಸ್‌ಟಿ ಪರೀಕ್ಷೆ, ನೀರು ನೋಡಲು ಸ್ಕ್ಯಾನ್. ಒದೆತ ಕಡಿಮೆಯಾದರೆ, ನೀರು ಹೋದರೆ, ರಕ್ತ ಕಂಡರೆ ಆ ಕ್ಷಣವೇ ಬರಬೇಕು. ಏನೂ ಆಗದಿದ್ದರೆ ಆಗಸ್ಟ್ 2ಕ್ಕೆ ನಿಜವಾದ 41 ವಾರ, ಅವತ್ತು ಅಡ್ಮಿಟ್. ಬಾಯಿ ಗಟ್ಟಿ ಇದ್ದರೆ ಮೊದಲು ಫೋಲಿ, ಆಮೇಲೆ ಡ್ರಿಪ್ ಅಂತ ಹೇಳಿದರು. ಇದಕ್ಕೆ ನಾನು ಹೂಂ ಅಂದಿದ್ದೇನೆ, ತಿಳಿದೇ ಅಂದಿದ್ದೇನೆ.

ಅತ್ತೆಗೆ ಅಮಾವಾಸ್ಯೆ ತಪ್ಪಿತು ಅಂತ ಸಮಾಧಾನ.

ಹಾಸನದ_ಚೊಚ್ಚಲು | ಬುಧವಾರ, ಆಗಸ್ಟ್ 6, ಮಧ್ಯಾಹ್ನ 3:30

ಹೆಣ್ಣು ಮಗು. ಜುಲೈ 31, ರಾತ್ರಿ 10:50. ಮೂರು ಕೆಜಿ ಐವತ್ತು ಗ್ರಾಂ.

ಬುಧವಾರ ರಾತ್ರಿ ಹನ್ನೊಂದಕ್ಕೆ ಮಲಗಿದ್ದಾಗ ನೀರು ಹೋಯಿತು. ನೋವು ಒಂದೂ ಇಲ್ಲ. ಪ್ಯಾಡ್ ಇಟ್ಟುಕೊಂಡು ಆಸ್ಪತ್ರೆಗೆ ಹೋದೆವು. ಡ್ಯೂಟಿ ಡಾಕ್ಟರ್ ನೀರಿನ ಬಣ್ಣ ನೋಡಿ ತಿಳಿಯಾಗಿದೆ ಅಂದರು, ಎದೆಬಡಿತ ಚೆನ್ನಾಗಿತ್ತು. ನೀರು ಹೋದ ಮೇಲೆ ನೂರರಲ್ಲಿ ಅರವತ್ತು ಜನಕ್ಕೆ 24 ಗಂಟೆಯೊಳಗೆ ತಾನಾಗಿ ನೋವು ಬರುತ್ತೆ, ಆದರೆ ಹೊತ್ತು ಹೋದಷ್ಟೂ ಸೋಂಕಿನ ಭಯ ಹೆಚ್ಚು, ಈಗಲೇ ಶುರು ಮಾಡಬಹುದು, ಬೆಳಗಿನವರೆಗೆ ನೋಡಲೂಬಹುದು ಅಂತ ಅವರೇ ಬಿಡಿಸಿ ಹೇಳಿದರು. ಬೆಳಗಿನವರೆಗೆ ಕಾಯುತ್ತೇನೆ ಅಂದೆ. ನೋವು ಬರಲಿಲ್ಲ. ಎಂಟು ಗಂಟೆಗೆ ನೋಡಿದಾಗ ಬಾಯಿ ಎರಡು ಸೆಂಟಿಮೀಟರ್, ಮೆತ್ತಗಿತ್ತು. ಡ್ರಿಪ್ ಹಾಕಿ ಅಂತ ನಾನೇ ಹೇಳಿದೆ.

ನೋವು ಸುಲಭ ಇರಲಿಲ್ಲ, ಸುಳ್ಳು ಹೇಳುವುದಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ಒಂದು ನೋವು ಇಳಿಯುವ ಮೊದಲೇ ಇನ್ನೊಂದು ಬರತೊಡಗಿತು. ಅಮ್ಮ ಒಳಗಿದ್ದರು, ಸಿಸ್ಟರ್ ಅಕ್ಕ ಬರೆದದ್ದನ್ನು ಅವರಿಗೆ ಓದಿಸಿದ್ದೆ. "ಹತ್ತು ನಿಮಿಷಕ್ಕೆ ಆರು ಬಂತು ಸಿಸ್ಟರ್" ಅಂತ ಅಮ್ಮನೇ ಕರೆದು ಹೇಳಿದರು. ಅವರು ಹೊಟ್ಟೆ ಮೇಲೆ ಕೈಯಿಟ್ಟು ನೋಡಿ ಡ್ರಿಪ್ ಕಡಿಮೆ ಮಾಡಿ, ನನ್ನನ್ನು ಎಡಕ್ಕೆ ಮಗ್ಗುಲಾಗಿಸಿ, ಎದೆಬಡಿತ ಕೇಳಿಸಿದರು. ಸರಿಯಾಗಿತ್ತು. ಅರ್ಧ ಗಂಟೆ ಬಿಟ್ಟು ಮತ್ತೆ ನಿಧಾನಕ್ಕೆ ಏರಿಸಿದರು.

ಪಕ್ಕದ ಮನೆ ಅಕ್ಕನ ಸೊಸೆಗೆ ಈಗ ಮೂರನೇ ತಿಂಗಳು. ನಿನ್ನೆ ಮಗು ನೋಡಲು ಬಂದಿದ್ದಳು. ಅವಳ ಮೊದಲ ಸ್ಕ್ಯಾನ್ ರಿಪೋರ್ಟನ್ನು ತಾಯಿ ಕಾರ್ಡ್‌ಗೆ ಪಿನ್ ಹೊಡೆಸಿ ಕಳಿಸಿದೆ.

ಲೇಬರ್‌ವಾರ್ಡ್_ಸಿಸ್ಟರ್ | ಆಗಸ್ಟ್ 6, ಮಧ್ಯಾಹ್ನ 3:52

ನೂರು ಕಾಲ ಬಾಳಲಿ ಕೂಸು. ಹೊಲಿಗೆ ಬಿದ್ದಿದೆಯಾ? ನೋವು, ಜ್ವರ, ಕೆಟ್ಟ ವಾಸನೆ ಏನಾದರೂ ಇದೆಯಾ? ನೀರು ಹೋಗಿ ಅಷ್ಟು ಹೊತ್ತಾದ ಮೇಲೆ ಹೆತ್ತಿದ್ದೀಯ, ಒಂದು ಹತ್ತು ದಿನ ಜ್ವರದ ಮೇಲೆ ಕಣ್ಣಿಟ್ಟಿರು. ಹಾಲು ಬರುತ್ತಿದೆಯಾ?

ಹಾಸನದ_ಚೊಚ್ಚಲು | ಆಗಸ್ಟ್ 6, ಸಂಜೆ 4:20

ಎರಡು ಹೊಲಿಗೆ. ಜ್ವರ ಇಲ್ಲ ಅಕ್ಕ, ಬೆಳಗ್ಗೆ ಸಂಜೆ ನೋಡುತ್ತಿದ್ದೇನೆ. ಹಾಲು ಮೂರನೇ ದಿನದಿಂದ ಚೆನ್ನಾಗಿ ಬರುತ್ತಿದೆ. ಈಗ ಎದ್ದಳು, ಕುಡಿಸಿ ಬರುತ್ತೇನೆ.